ರಿತೇಶನ ಹೂಂ

ಎಲ್ಲ ಶುರುವಾದದ್ದು ಒಂದು ‘ಹೂಂ’ನಿಂದ.

ರಿತೇಶನ ಮನೆಯವರು ಕುಂದಾಪುರದ ಕಡೆಯವರು, ದೆಹಲಿಯ ಜನಕಪುರಿಯಲ್ಲಿ ಹೋಟೆಲು. ಅವನು ಹುಟ್ಟಿ ಬೆಳೆದದ್ದು ಆ ಹೋಟೆಲಿನ ಮಹಡಿಯಲ್ಲೇ. ಸಮುದ್ರವನ್ನು ನೋಡಿದ್ದು ಗಲ್ಲಾದ ಹಿಂದಿನ ಕ್ಯಾಲೆಂಡರಿನಲ್ಲಿ. ಆದರೆ ಅವನು ಮದುವೆಯಾಗಬೇಕೆಂದಿದ್ದ ಧಾರಿಣಿಯ ತಂದೆ, ಆರ್.ಕೆ.ಪುರಂನ ಅಶ್ವತ್ಥನಾರಾಯಣರು, “ಕರಾವಳಿಯವರಿಗೆ ದೋಣಿ, ಇಂಜಿನ್ನು ಎಲ್ಲ ರಕ್ತದಲ್ಲೇ ಇರುತ್ತೆ, ಅಲ್ವೇನ್ರೀ?” ಎಂದಾಗ, ಭಾವೀ ಮಾವನಿಗೆ ಎದುರಾಡಬಾರದೆಂದು ಹೂಂ ಅಂದಿದ್ದ.

ಅದರ ಫಲವಾಗಿ ಭಾನುವಾರ ಬೆಳಿಗ್ಗೆ ಎಲ್ಲರೂ ಯಮುನೆಯ ಮೇಲೆ ಬಾಡಿಗೆ ದೋಣಿಯಲ್ಲಿದ್ದರು. ಇಂಜಿನ್ನು ದೋಣಿಯ ಹೊಟ್ಟೆಯೊಳಗೆ, ಹಲಗೆಯ ಕೆಳಗೆ ಕೂತು ಅಜೀರ್ಣವಾದವರ ಹಾಗೆ ಗೊಣಗುತ್ತಿತ್ತು. ಹಿಂದಿನ ಕೊಳವೆ ಪಿಚಕ್ ಪಿಚಕ್ ಎಂದು ನೀರು ಉಗುಳುತ್ತಿತ್ತು.

“ದಡಕ್ಕೆ ವಾಪಸ್ ಹೋದ್ಮೇಲೆ ಮದ್ವೆ ಬಗ್ಗೆ ನಮ್ಮ ಉತ್ತರ ಹೇಳ್ತೀವಿ,” ಎಂದರು ಅಶ್ವತ್ಥನಾರಾಯಣರು. ಅವರು ಸಚಿವಾಲಯವೊಂದರ ವಿಜಿಲೆನ್ಸ್ ವಿಭಾಗದವರು. ಹವಾಮಾನದ ಬಗ್ಗೆ ಮಾತಾಡಿದರೂ ವಿಚಾರಣೆಯಂತೆ ಕೇಳಿಸುತ್ತಿತ್ತು.

ಧಾರಿಣಿಯ ತಾಯಿ ವೈಜಯಂತಿ ದೋಣಿ ನಿಧಾನ ಮಾಡಿಸಿ, ಮೊರದಲ್ಲಿ ಅರಿಸಿನ, ಬಳೆ, ಹಸಿರು ರವಿಕೆ ಕಣ ಇಟ್ಟು ಯಮುನೆಗೆ ಬಾಗಿನ ಬಿಟ್ಟರು. ಕಣ್ಣು ಮುಚ್ಚಿ ಏನೋ ಬೇಡಿಕೊಂಡರು. ಮೊರ ಮಗುಚಿ ಎಲ್ಲವೂ ದೋಣಿಯಡಿಗೆ ಮಾಯವಾಯಿತು.

ಸ್ವಲ್ಪ ಹೊತ್ತಿಗೆ ಹಲಗೆಯ ಸಂದಿಯಿಂದ ಹೊಗೆ ಎದ್ದಿತು. ದೋಣಿಯವನು ಇಂಜಿನ್ ಆರಿಸಿ ಕೈ ಚೆಲ್ಲಿದ. “ಬಹುತ್ ಗರಂ ಹೋ ಗಯಾ, ಸಾಬ್. ಮೈ ತೋ ಸಿರ್ಫ್ ಚಲಾತಾ ಹೂಂ. ಮಿಸ್ತ್ರಿ ನೌಕರಿ ಛೋಡ್ ಗಯಾ.” ಇಂಜಿನ್ನು ವಿಪರೀತ ಕಾದಿದೆ, ಅವನಿಗೆ ದೋಣಿ ನಡೆಸುವುದಷ್ಟೇ ಗೊತ್ತು, ರಿಪೇರಿಯ ಮಿಸ್ತ್ರಿ ಕೆಲಸ ಬಿಟ್ಟು ಹೋಗಿದ್ದಾನಂತೆ.

“ಮಿಸ್ತ್ರಿ ಯಾಕೆ? ನಮ್ಮ ರಿತೇಶ್ ಇದಾರಲ್ಲ,” ಎಂದರು ಅಶ್ವತ್ಥನಾರಾಯಣರು.

ಧಾರಿಣಿ ಅವನ ಕಿವಿಯಲ್ಲಿ, “ನಿಂಗೆ ಸ್ಕೂಟರ್ ಸ್ಟಾರ್ಟ್ ಮಾಡೋಕೇ ಬರಲ್ಲ, ಯಾರ್,” ಎಂದಳು.

ರಿತೇಶ ಹಲಗೆ ಎತ್ತಿದ. ಮುಖಕ್ಕೆ ಬಡಿದ ಹಬೆಯಲ್ಲಿ ಎರಡು ತಟ್ಟೆ ಇಡ್ಲಿ ಬೇಯಿಸಬಹುದಿತ್ತು.

“ಮಜ್ಜಿಗೆ ಇದೆ. ಒಂಚೂರು ಹಾಕಿ ನೋಡ್ತೀರಾ? ತಂಪು,” ಎಂದರು ವೈಜಯಂತಿ.

“ಸುಮ್ನಿರೇ. ಮೊದ್ಲು ಇದು ಯಾರ ತಪ್ಪು ಅಂತ ಗೊತ್ತಾಗ್ಬೇಕು,” ಎಂದರು ಅಶ್ವತ್ಥನಾರಾಯಣರು.

ಆಗ ರಿತೇಶನಿಗೆ ಹೊಳೆಯಿತು. ಇಂಜಿನ್ ಆರಿಸುವ ಮೊದಲೇ ಹಿಂದಿನ ಕೊಳವೆ ನೀರು ಉಗುಳುವುದನ್ನು ನಿಲ್ಲಿಸಿತ್ತು; ಅಂದರೆ ಇಂಜಿನ್ನನ್ನು ತಂಪು ಮಾಡುವ ನೀರು ಎಲ್ಲೋ ಕಟ್ಟಿಕೊಂಡಿತ್ತು. ಹೋಟೆಲಿನ ಸಿಂಕಿನಲ್ಲಿ ನೀರು ಇಳಿಯದಿದ್ದರೆ ಜಾಲರಿಯಲ್ಲಿ ಕರಿಬೇವು ಕೂತಿರುತ್ತದೆ. ನದಿಯ ನೀರು ಒಳಬರುವ ಪೈಪಿನ ಗುಂಟ ಕೈಯಾಡಿಸಿದಾಗ ಜಾಲರಿಯ ಒಂದು ಡಬ್ಬಿ ಸಿಕ್ಕಿತು. ಮುಚ್ಚಳ ತಿರುಗಿಸಿದ. ಒಳಗೆ ಹಸಿರು ಬಟ್ಟೆ. ಎಳೆದ, ಬಂತು, ಬಂತು, ಬರುತ್ತಲೇ ಇತ್ತು. ಕೊನೆಯ ತುದಿ ಬಂದದ್ದೇ ಯಮುನೆ ಕಾರಂಜಿಯಾಗಿ ಚಿಮ್ಮಿ ಭಾವೀ ಮಾವನ ಕನ್ನಡಕವನ್ನು ತೊಳೆಯಿತು. ದೋಣಿಯವನು ಹಾರಿ ಬಂದು ಮುಚ್ಚಳ ಒತ್ತಿದ.

“ಏನಿತ್ರೀ ಅದ್ರಲ್ಲಿ?” ಕಾಣದೆ ಕೇಳಿದರು ಅಶ್ವತ್ಥನಾರಾಯಣರು.

ಭಾವೀ ಅತ್ತೆಯ ಹೆಸರು ಹೇಳುವುದೆ? ರಿತೇಶ ರವಿಕೆ ಕಣವನ್ನು ಪ್ಯಾಂಟಿನ ಜೇಬಿಗೆ ತುರುಕಿದ. “ಕಸ, ಅಂಕಲ್. ಬರೀ ಕಸ.”

ಇಂಜಿನ್ನು ತಣ್ಣಗಾದ ಮೇಲೆ ಶುರುವಾಯಿತು. ಕೊಳವೆ ಪಿಚಕ್ ಅಂದಿತು.

ದಡ ಇಳಿಯುತ್ತಲೇ ಅಶ್ವತ್ಥನಾರಾಯಣರು ಅವನ ಬೆನ್ನು ತಟ್ಟಿದರು. “ರಕ್ತದಲ್ಲೇ ಇದೆ ಅಂದಿರ್ಲಿಲ್ವಾ? ನನ್ನ ಒಪ್ಪಿಗೆ ಇದೆ.”

“ನಾನು ಯಮುನಮ್ಮನಿಗೇ ಬಿಟ್ಟಿದ್ದೆ,” ಎಂದರು ವೈಜಯಂತಿ ನಗುತ್ತ. “ಬಾಗಿನ ತಗೊಂಡ್ರೆ ಮದ್ವೆ, ವಾಪಸ್ ಕೊಟ್ರೆ ಬೇಡ ಅಂತ. ತಗೊಂಡ್ಳಲ್ಲ, ಇನ್ನೇನು?”

ರಿತೇಶ ಸಂತೋಷದಿಂದ ಬೆವೆತ. ಕರ್ಚೀಫೆಂದು ಜೇಬಿನಲ್ಲಿ ಕೈಗೆ ಸಿಕ್ಕಿದ್ದನ್ನು ತೆಗೆದು ಹಣೆ, ಕೆನ್ನೆ, ಕತ್ತು ಒರೆಸಿಕೊಂಡ.

ಅವನ ಮುಖಕ್ಕೆಲ್ಲ ಮದುಮಗನ ಹಾಗೆ ಅರಿಸಿನ ಹತ್ತಿತ್ತು.

“ಅದು ನನ್ನ ರವಿಕೆ ಕಣ,” ಎಂದರು ವೈಜಯಂತಿ. “ಅಯ್ಯೋ, ಯಮುನಮ್ಮ ವಾಪಸ್ ಕೊಟ್ಬಿಟ್ಳಾ?”

“ಇಲ್ಲ ಆಂಟಿ, ಖಂಡಿತ ಇಲ್ಲ. ಅವಳು ಕೊಡ್ಲಿಲ್ಲ.”

ಅಶ್ವತ್ಥನಾರಾಯಣರು ಕನ್ನಡಕ ಒರೆಸಿ ಹಾಕಿಕೊಂಡರು. “ಅವಳು ಕೊಡ್ಲಿಲ್ಲ. ನಿಮ್ಮ ಜೇಬಲ್ಲಿದೆ. ಅಂದ್ರೆ ನೀವೇ ಎತ್ತಿದ್ದು?”

ರಿತೇಶ ನದಿ ನೋಡಿದ. ಧಾರಿಣಿಯನ್ನು ನೋಡಿದ.

“ಹೂಂ,” ಅಂದ.

“ಇಂಥ ಹೂಂ ಅನ್ನಿಸೋದಕ್ಕೇ ಸರ್ಕಾರ ನಂಗೆ ಸಂಬಳ ಕೊಡೋದು. ದೇವರ ಬಾಗಿನ ಕದಿಯೋನಿಗೆ ಮಗಳನ್ನ ಕೊಡೋದಾ? ನಡೀರಿ, ಕಾರು ಹತ್ತಿ.”

ಕಾರಿನ ಕಿಟಕಿಯಿಂದ ಧಾರಿಣಿ ಹಣೆ ಚಚ್ಚಿಕೊಳ್ಳುತ್ತ, “ಪಾಗಲ್,” ಎಂದದ್ದು ದೂರದವರೆಗೂ ಕೇಳಿಸಿತು.

ದೋಣಿಯವನು ಬಂದು ರಿತೇಶನ ಭುಜದ ಮೇಲೆ ಕೈಯಿಟ್ಟು, ನಾಳೆಯಿಂದ ಮಿಸ್ತ್ರಿ ಕೆಲಸಕ್ಕೆ ಬರುತ್ತೀಯಾ ಎಂದು ಕೇಳಿದ. “ಭಯ್ಯಾ, ಮಿಸ್ತ್ರಿ ಕಿ ಜಗಹ್ ಖಾಲಿ ಹೈ. ಕಲ್ ಸೆ ಆವೋಗೇ?”

ರಿತೇಶ ಬಾಯಿ ತೆರೆದ. ಅಭ್ಯಾಸಬಲ.

“ಹೂಂ.”