ಕಡಲ ಗೇರ್‌ಬಾಕ್ಸಿಗೆ ಶಹಾಬಾದಿನ ಫಿಟ್ಟರ್

ಪರದೇಶದ ಕಡಲಿನಲ್ಲಿ ಗೇರ್‌ಬಾಕ್ಸ್ ಕೆಟ್ಟರೆ ಶಹಾಬಾದಿನಲ್ಲಿ ಊಟ ಬಿಡುವ ಮನುಷ್ಯ ಇದ್ದಾರೆಂದರೆ ನಂಬುತ್ತೀರಾ? ಇದ್ದಾರೆ, ನನ್ನ ಸೋದರಮಾವ. ಸಿಮೆಂಟು ಕಾರ್ಖಾನೆಯಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಸಮುದ್ರದ ನಡುವೆ ನಿಲ್ಲಿಸುವ ದೈತ್ಯ ಗಾಳಿಯಂತ್ರಗಳ ವಿಡಿಯೋವನ್ನು ಮೊಬೈಲಿನಲ್ಲಿ ನೋಡಿದ ದಿನದಿಂದ ಅವರಿಗೆ ನಿಂತಲ್ಲಿ ನಿಲ್ಲಲಾಗದು.

"ರೆಕ್ಕಿ ಮೆಲ್ಲಕ ತಿರಗ್ತದ, ಕರೆಂಟ್ ಮಿಷನ್ ಜೋರ್ ತಿರಗಬೇಕು. ನಡುವ ಗೇರ್‌ಬಾಕ್ಸ್ ಸಾಯ್ಲಿಕತ್ತದ," ಎನ್ನುತ್ತ ಅಂಗಳ ಅಳೆಯುತ್ತಿದ್ದರು.

"ಸತ್ತರ ಸಾಯ್ಲಿ, ನೀವು ಉಣ್ಣಾಕ ಕುಂದ್ರಿ," ಎನ್ನುವರು ಅತ್ತೆ.

ಚಿತ್ತಾಪುರದ ಮದುವೆಯೊಂದರಲ್ಲಿ ನಡುವೆ ಒಂದು ಲಾಡು, ಸುತ್ತ ಮೂರು ಲಾಡು ಇಟ್ಟು, ಹಲ್ಲುಚಕ್ರಗಳು ತಿರುಗುವ ಬಗೆಯನ್ನು ಬೀಗರಿಗೆ ವಿವರಿಸತೊಡಗಿದರು. ಹಸಿದ ಬೀಗರು ಒಂದಕ್ಕೆ ಕೈಹಾಕಿದರೆ, "ತಡೀರಿ, ಇನ್ನೂ ತಿರಗ್ಲಿಕತ್ತದ," ಎಂದರು. ಇನ್ನೊಮ್ಮೆ ಸೇಡಂ ಬಸ್ಸಿನಲ್ಲಿ, "ಡ್ರೈವರ್ ಸಾಹೇಬ್ರ, ಗೇರ್ ಅಳ್ಲಿಕತ್ತದ," ಎಂದು ಕೂಗಿದರು. ಎರಡು ಮೈಲಿ ಹೋಗುವಷ್ಟರಲ್ಲಿ ಬಸ್ಸು ನಿಂತೇಬಿಟ್ಟಿತು. ಕಂಡಕ್ಟರ್ ಮಾವನನ್ನು ನೋಡಿದ್ದು ಮಾಟ ಮಾಡಿದವನನ್ನು ನೋಡುವ ಹಾಗೆ.

ಕಡೆಗೆ ಗಾಳಿಯಂತ್ರ ಮಾಡುವ ಕಂಪನಿಯೊಂದಕ್ಕೆ ನನ್ನಿಂದ ಪತ್ರ ಬರೆಸಿದರು. ಗೇರ್‌ಬಾಕ್ಸಿನ ಚಕ್ರಗಳನ್ನು ಹೊರುವ, ಉರುಳೆಗಳ ಮೇಲೆ ಉರುಳುವ ಬೇರಿಂಗ್ ತೆಗೆಯಿರಿ, ನಮ್ಮ ಹಳೆಯ ಗಿರಣಿಗಳಲ್ಲಿದ್ದಂತೆ ಎಣ್ಣೆಯ ತೆಳು ಪದರದ ಮೇಲೆ ತಿರುಗುವ ನುಣುಪು ಬೇರಿಂಗ್ ಹಾಕಿರಿ, ಬೇಗ ಸವೆಯುವುದಿಲ್ಲ ಎಂಬುದು ಪತ್ರದ ಸಾರ. ಉತ್ತರ ಬರುವವರೆಗೆ ಅವರೂ ಮಲಗಲಿಲ್ಲ, ನಮ್ಮನ್ನೂ ಮಲಗಗೊಡಲಿಲ್ಲ.

ತಿಂಗಳ ಮೇಲೆ ಅಲ್ಲಿಂದ ಎಂಜಿನಿಯರಮ್ಮ ಒಬ್ಬರು ಫೋನ್ ಮಾಡಿದರು. ಅಂಥ ಬೇರಿಂಗುಗಳನ್ನು ಅವರು ಆಗಲೇ ಬಳಸತೊಡಗಿದ್ದರಂತೆ. ಮಾವನ ಮುಖ ಬಾಡೀತೆಂದು ನಾನು ಅಂಜಿದೆ.

"ನಮ್ಮ ಪತ್ರ ಮುಟ್ಟೂದ್ಕಿಂತ ಮೊದಲ ಶುರು ಮಾಡ್ಯಾರ. ಭಾಳ ಚುರುಕು ಮಂದಿ," ಎಂದು ನಕ್ಕರು.

ನನಗೆ ರೇಗಿತು. "ಯಾರದೋ ಯಂತ್ರ, ಯಾವುದೋ ಸಮುದ್ರ. ನಿಮಗ್ಯಾಕ ಮಾವ ಇಷ್ಟು ಸಂಕಟ?"

ಅವರು ಫೋನು ಕೆಳಗಿಟ್ಟರು.

"ಫ್ಯಾಕ್ಟರಿಯಾಗ ಒಮ್ಮೆ ಕೆಟ್ಟ ಬೇರಿಂಗ್ ಬಿಚ್ಚಲಿಕ್ಕ ನನ್ನ ಜೋಡಿಗಾರ ಮಿಷನ್ ಮ್ಯಾಲ ಹತ್ತಿದ್ದ. ಜಾರಿ ಬಿದ್ದ, ಏಳಲಿಲ್ಲ. ಅವತ್ತು ಹತ್ತಬೇಕಾದಾಂವ ನಾನು. ನನಗ ಜ್ವರ ಬಂದದಂತ ಅಂವ ಹೋದ." ಆಮೇಲೆ ಹೇಳಿದರು: "ಬೇರಿಂಗ್ ಕೆಡಲಿಲ್ಲಂದ್ರ ಯಾರೂ ಹತ್ತೂದಿಲ್ಲವ್ವಾ."

ಚಹಾ ಇಡುವ ನೆವ ಹೇಳಿ ನಾನು ಒಳಗೆ ಹೋದೆ. ಅವರು ಕಣ್ಣೊರೆಸಿಕೊಳ್ಳಲೆಂದು ಸ್ವಲ್ಪ ತಡವಾಗಿಯೇ ಹೊರಬಂದೆ.