ಅತ್ತೆ ನನ್ನನ್ನು ಹೊಗಳಿದ ಮಧ್ಯಾಹ್ನ

ಮಧ್ಯಾಹ್ನ ಎರಡು ಗಂಟೆ ನಲವತ್ತು ನಿಮಿಷಕ್ಕೆ ನಮ್ಮ ಸೋದರತ್ತೆ ನನ್ನನ್ನು ಹೊಗಳಿದರು. “ಭಾಳ ಶಾಣ್ಯಾಕಿ ಇದ್ದೀ ನೋಡು ನೀನು” ಅಂದರು. ನನಗೆ ಗಾಬರಿಯಾಯಿತು.

ಇದರಲ್ಲಿ ಗಾಬರಿಯಾಗುವಂಥದ್ದು ಏನಿದೆ ಅಂತೀರಾ? ನಮ್ಮ ಅತ್ತೆಯನ್ನು ನೀವು ನೋಡಿಲ್ಲ! ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದಿ, ನ್ಯೂಜೆರ್ಸಿಯಲ್ಲಿ ಮೂವತ್ತು ವರ್ಷ ಸೇತುವೆಗಳ ತಪಾಸಣೆ ಮಾಡಿ ನಿವೃತ್ತರಾದವರು. ಬಿರುಕು ಹುಡುಕುವುದಕ್ಕೇ ಅವರಿಗೆ ಸಂಬಳ ಬರುತ್ತಿತ್ತು. ಸಂಬಳ ನಿಂತಿತು, ಹುಡುಕಾಟ ನಿಲ್ಲಲಿಲ್ಲ. ಅವರಿರುವ ವುಡ್‌ಬ್ರಿಡ್ಜ್‌ನಲ್ಲಿ ಯಾರ ಮನೆಯ ಗೃಹಪ್ರವೇಶಕ್ಕೆ ಹೋದರೂ ಮೊದಲು ಬೇಸ್‌ಮೆಂಟಿಗೆ ಇಳಿದು ಗೋಡೆ ತಟ್ಟುತ್ತಾರೆ. ಮಂಗಳಾರತಿಯ ಹೊತ್ತಿಗೆ ಮೇಲೆ ಬಂದು, “ನೀರು ಸೋರತದ. ಮಾರಿಬಿಡ್ರಿ” ಅನ್ನುತ್ತಾರೆ. ಜ್ಯಾಕ್ಸನ್ ಹೈಟ್ಸ್‌ನ ಸೀರೆ ಅಂಗಡಿಯಲ್ಲಿ ಸೀರೆಗಿಂತ ಮೊದಲು ಛಾವಣಿ ನೋಡುತ್ತಾರೆ. ನಾನು ಡಿಗ್ರಿ ತೆಗೆದುಕೊಂಡ ದಿನ ವೇದಿಕೆಯಿಂದ ಇಳಿದು ಓಡಿ ಬಂದು ಕಾಲಿಗೆ ನಮಸ್ಕಾರ ಮಾಡಿದರೆ, “ಗೌನಿನ ಹೊಲಿಗಿ ಬಿಟ್ಟದ” ಅಂದರು.

ಅಂಥವರು ಹೊಗಳಿದ್ದು ಅರ್ಜೆಂಟೀನಾದ ಮೂಲೆಯಲ್ಲಿ, ಮರವೂ ಇಲ್ಲದ ನೆರಳೂ ಇಲ್ಲದ ಒಂದು ಜ್ವಾಲಾಮುಖಿಯ ಬುಡದಲ್ಲಿ, ಹತ್ತಿರ ಹತ್ತಿರ ಐದು ಸಾವಿರ ಮೀಟರ್ ಎತ್ತರದಲ್ಲಿ! ಪರ್ವತದ ಹೆಸರು ಯುಯಾಯಿಯಾಕೊ. ಅತ್ತೆಯ ಬಾಯಲ್ಲಿ ಅದು “ಆ ಗುಡ್ಡ.”

ಅಲ್ಲಿಗೆ ಹೋಗುವ ಹುಚ್ಚು ಅವರಿಗೆ ಟೀವಿಯಿಂದ ಹತ್ತಿತು. ಐನೂರು ವರ್ಷದ ಹಿಂದೆ ಇಂಕಾ ಜನ ಮೂರು ಮಕ್ಕಳನ್ನು ಆ ಪರ್ವತದ ತುದಿಗೆ ಕರೆದೊಯ್ದು ದೇವರಿಗೆ ಬಿಟ್ಟು ಬಂದಿದ್ದರಂತೆ. ಅವರಲ್ಲಿ ಒಬ್ಬಳು ಹದಿನೈದರ ಆಸುಪಾಸಿನ ಹುಡುಗಿ; ಅಲ್ಲಿಯ ಚಳಿಗೆ ದೇಹ ಕೆಡದೆ ಹಾಗೇ ಸಿಕ್ಕಿತ್ತು. ಸಣ್ಣ ಸಣ್ಣ ಜಡೆ, ನಿದ್ದೆ ಹೋದಂಥ ಮುಖ. ಅತ್ತೆ ಆ ಮುಖವನ್ನು ಬಹಳ ಹೊತ್ತು ನೋಡಿ ಟೀವಿ ಆರಿಸಿದರು. “ಮನಿ ಬಿಟ್ಟು ಹೊಂಟ ಹುಡುಗಿಗೆ ಯಾರರೆ ಉಡಿ ತುಂಬಿದ್ರೋ ಇಲ್ಲೋ” ಅಂದರು. ಹೆಣ್ಣುಮಕ್ಕಳು ಮನೆಯಿಂದ ಹೊರಡುವಾಗ ಅಕ್ಕಿ, ಕಾಯಿ, ಕುಪ್ಪಸದ ಖಣ ಕೊಟ್ಟು ಉಡಿ ತುಂಬುವುದು ನಮ್ಮ ಕಡೆಯ ಪದ್ಧತಿ. ಮೇ ತಿಂಗಳಲ್ಲಿ ನನಗೆ ರಜೆ ಇರುವುದನ್ನು ಅವರು ನನಗಿಂತ ಮೊದಲೇ ಪತ್ತೆ ಮಾಡಿದ್ದರು.

ಅರ್ಜೆಂಟೀನಾದ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಅಧಿಕಾರಿ ಅತ್ತೆಯ ಚೀಲದಿಂದ ತೆಂಗಿನಕಾಯಿ ಹೊರತೆಗೆದ.

“ಯಾರಿಗೆ ಇದು?”

“ಒಬ್ಬ ಹುಡುಗಿಗೆ.”

“ಎಲ್ಲಿರ್ತಾಳೆ?”

“ಗುಡ್ಡದ ಮ್ಯಾಲೆ ಇದ್ದಳು. ಈಗ ಮ್ಯೂಸಿಯಮ್ಮಿನಾಗ ಇಟ್ಟಾರ.”

ಆತ ನನ್ನ ಮುಖ ನೋಡಿದ. ನಾನು ಛಾವಣಿ ನೋಡಿದೆ. ಕಾಯಿ, ಅಕ್ಕಿ ಎರಡೂ ಅವನ ಪಾಲಾದವು. ಖಣ ಮಾತ್ರ ಉಳಿಯಿತು. “ನಮ್ಮ ಅಕ್ಕಿ ಹೋದ್ರ ಹೋಗಲಿ, ಇವರ ಊರಾಗೂ ಅಕ್ಕಿ ಸಿಗತದ” ಎಂದು ಅತ್ತೆ ಅಲ್ಲಿಯ ಅಂಗಡಿಯಲ್ಲೇ ಒಂದು ಪೊಟ್ಟಣ ಕೊಂಡರು.

ಜ್ವಾಲಾಮುಖಿಯ ಬುಡದಲ್ಲಿ ಇಂಕಾ ಜನ ತಂಗುತ್ತಿದ್ದ ಕಲ್ಲಿನ ಗೋಡೆಗಳಿವೆ. ಅಲ್ಲಿಯವರೆಗೆ ಮಾತ್ರ ನಮ್ಮ ಪ್ರಯಾಣ. ಜೀಪು ಓಡಿಸುತ್ತಿದ್ದ ಗೈಡ್ ಐವತ್ತು ದಾಟಿದ ಮನುಷ್ಯ. ದಿನಕ್ಕೆ ನಾಲ್ಕು ಲೀಟರ್ ನೀರು ಕುಡಿಯಲೇಬೇಕು ಅಂತ ಕಡ್ಡಾಯ ಮಾಡಿದ್ದ. ಅತ್ತೆ ತಲೆಯಾಡಿಸಿದ್ದರು. ಅವರ ಬಾಟಲಿ ಬೆಳಗಿನಿಂದ ತುಂಬಿದ್ದು ತುಂಬಿದ ಹಾಗೇ ಇದೆ ಅನ್ನುವುದನ್ನು ನಾನು ಗಮನಿಸಲಿಲ್ಲ. ಗಮನಿಸಬೇಕಿತ್ತು. ಈಗಲೂ ಟ್ರೇನಿನಲ್ಲಿ ನಾನು ಇಳಿಯಬೇಕಾದ ಮೆಟುಚೆನ್ ಸ್ಟೇಷನ್ ದಾಟಿ ಮುಂದಿನ ಊರಿಗೆ ಹೋಗಿಬಿಡುವುದು ಆ ಬಾಟಲಿಯನ್ನು ನೆನೆಯುತ್ತಲೇ.

ಗೋಡೆಯ ಪಕ್ಕ ಅತ್ತೆ ಖಣ ಹಾಸಿ ಅಕ್ಕಿ ಸುರಿದರು. ಇಲ್ಲಿ ಏನನ್ನೂ ಬಿಟ್ಟುಹೋಗುವ ಹಾಗಿಲ್ಲ ಅಂದ ಗೈಡ್. ಆಮೇಲೆ ಏನನ್ನಿಸಿತೋ, ಎರಡು ನಿಮಿಷ ಬೇರೆ ಕಡೆ ತಿರುಗಿ ನಿಂತ. ಎರಡು ನಿಮಿಷ ಮುಗಿಯಿತು. ಅತ್ತೆ ತಕರಾರಿಲ್ಲದೆ ಎಲ್ಲವನ್ನೂ ಮಡಚಿಕೊಂಡರು. ತಕರಾರಿಲ್ಲದೆ! ಸಿಮೆಂಟೇ ಇಲ್ಲದ ಆ ಗೋಡೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಆಮೇಲೆ ನನ್ನನ್ನು ಹೊಗಳಿದರು. ಆಮೇಲೆ ಕೂತರು. ಏಳಲಿಲ್ಲ.

ಗೈಡ್ ಅವರ ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ ಹಾಕಿದ. ಅರವತ್ತೆರಡು ತೋರಿಸಿತು.

“ಅರವತ್ತೆರಡು? ಫಸ್ಟ್ ಕ್ಲಾಸ್!” ಅಂದರು ಅತ್ತೆ.

ಅವನು ನಗಲಿಲ್ಲ. ಅವರನ್ನು ಎತ್ತಿಕೊಂಡು ಜೀಪಿನ ಕಡೆ ಓಡಿದ. ನಾನು ಆಕ್ಸಿಜನ್ ಸಿಲಿಂಡರ್ ತಬ್ಬಿಕೊಂಡು ಹಿಂದಿನ ಸೀಟಿನಲ್ಲಿ ಕೂತೆ. ಮಾಸ್ಕ್ ಹಾಕಿ ಆಯಿತು. ಇಳಿಯುವ ದಾರಿ ಮುಗಿಯುತ್ತಲೇ ಇರಲಿಲ್ಲ. ಮಾಸ್ಕ್ ಸರಿಸಿ ನೀರು ಕೊಟ್ಟರೆ ತುಟಿ ಬಿಗಿಹಿಡಿದರು.

“ಅತ್ಯಾ, ಒಂದು ಗುಟುಕು.”

“ಒಲ್ಲೆ. ಇವತ್ತು ಏಕಾದಶಿ.”

ಏಕಾದಶಿ! ನೀರೂ ಮುಟ್ಟದ ಏಕಾದಶಿ! ವುಡ್‌ಬ್ರಿಡ್ಜ್‌ನ ಅಡುಗೆಮನೆಯ ಕ್ಯಾಲೆಂಡರ್ ನೋಡಿಕೊಂಡು ಬಂದು ಆ ಎತ್ತರದಲ್ಲಿ ಉಪವಾಸ ಹಿಡಿದಿದ್ದರು. ಅವರ ತುಟಿ ನೀಲಿಯಾಗುತ್ತಿತ್ತು. ಇವರನ್ನು ಜೀವಸಹಿತ ಮನೆಗೆ ಕರೆದುಕೊಂಡು ಹೋಗಲಾರೆ ಅಂತ ಮೊದಲ ಸಲ ಅನ್ನಿಸಿತು. ನಾನು ಸುಳ್ಳು ಹೇಳಿದೆ.

“ಏಕಾದಶಿ ಮುಗಿದದ ಅತ್ಯಾ. ಇಲ್ಲಿ ಇವತ್ತು ದ್ವಾದಶಿ. ಪಾರಣಿ ಹೊತ್ತು ಮೀರ್ಲಿಕ್ಕೆ ಹತ್ತೇದ!”

“ಯಾರು ಹೇಳಿದ್ರು?”

ನಾನು ಗೈಡ್‌ನ ಭುಜ ತಿವಿದೆ. ಆ ಪುಣ್ಯಾತ್ಮ ಏನು ಅರ್ಥ ಮಾಡಿಕೊಂಡನೋ, ರಸ್ತೆಯಿಂದ ಕಣ್ಣು ತೆಗೆಯದೆ, ಎಲ್ಲ ಪಂಚಾಂಗ ಓದಿದವರ ಗಾಂಭೀರ್ಯದಲ್ಲಿ ಅಂದ:

“ದ್ವಾದಶಿ, ಸೆನ್ಯೋರಾ.”

ಅತ್ತೆ ನೀರು ಕುಡಿದರು.

ಕೆಳಗಿನ ಹಳ್ಳಿ ಮುಟ್ಟುವಷ್ಟರಲ್ಲಿ ಉಸಿರು ಹದಕ್ಕೆ ಬಂದಿತ್ತು. ಅಲ್ಲಿಯ ಡಾಕ್ಟರಮ್ಮ ಇನ್ನೂ ಒಂದು ಗಂಟೆ ತಡವಾಗಿದ್ದರೆ ಎಂದು ಶುರು ಮಾಡಿ, ನನ್ನ ಮುಖ ನೋಡಿ ಮಾತು ನಿಲ್ಲಿಸಿದರು. ಅತ್ತೆ ಆಗಲೇ ಮಂಚ ಅಲ್ಲಾಡುತ್ತದೆ ಎಂದು ಬಯ್ಯುತ್ತಿದ್ದರು. ಆ ಬೈಗುಳ ಕೇಳಿ ನಾನು ಅತ್ತುಬಿಟ್ಟೆ!

ವಾಪಸ್ ಬಂದ ಮೇಲೆ ಅವರು ಗುಡಿಯ ಆಚಾರ್ಯರಿಗೆ ಫೋನ್ ಮಾಡಿ ಲೆಕ್ಕ ಹಾಕಿಸಿದರು. ಅಲ್ಲಿನ ಸೂರ್ಯೋದಯಕ್ಕೆ ಅಂದು ನಿಜವಾಗಿಯೂ ದ್ವಾದಶಿಯಂತೆ! ಸಾವಿನ ಬಾಗಿಲು ತಟ್ಟಿ ಬಂದದ್ದಕ್ಕೆ ಬೇಸರಪಡದವರು, ತಪ್ಪು ದಿನ ಉಪವಾಸ ಮಾಡಿದ್ದಕ್ಕೆ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ.

ಕಣ್ಣಿಟ್ಟಿರಬೇಕೆಂದು ನಾನೇ ಅವರನ್ನು ಮೆಟುಚೆನ್‌ನ ನನ್ನ ಅಪಾರ್ಟ್‌ಮೆಂಟಿಗೆ ಕರೆತಂದೆ. ನನಗೆ ನಿದ್ದೆಯೇ ಇಲ್ಲ. ಕಣ್ಣು ಮುಚ್ಚಿದರೆ ಆ ನೀಲಿ ತುಟಿ. ದಿನವೂ ಎರಡು ಮೂರು ಸಲ ಎದ್ದು, ಬರಿಗಾಲಲ್ಲಿ ಅವರ ಕೋಣೆಯ ಬಾಗಿಲಿಗೆ ಕಿವಿಯಿಟ್ಟು ನಿಲ್ಲುತ್ತಿದ್ದೆ. ಒಳಗಿಂದ ಬುಸ್ಸ್ ಬುಸ್ಸ್ ಎಂದು ಉಸಿರು ಕೇಳಿಸುತ್ತಿತ್ತು. ಕೇಳಿಸಿದರೆ ಸಮಾಧಾನ. ಮೂರು ವಾರ ಹೀಗೇ ನಡೆಯಿತು.

ಒಂದು ಶನಿವಾರ ಸಂಜೆ ನಾನು ನಿದ್ದೆಗೆಟ್ಟ ತಲೆನೋವಿಗೆ ಮಾತ್ರೆ ಹುಡುಕುತ್ತಿದ್ದಾಗ ಅತ್ತೆ ತಮ್ಮ ಹಾಸಿಗೆಯನ್ನು ದರದರ ಎಳೆದುಕೊಂಡು ನನ್ನ ಕೋಣೆಗೆ ಬಂದರು.

“ಇದೇನು ಅತ್ಯಾ?”

“ಇನ್ನ ಮುಂದ ಇಲ್ಲೇ ಮಲಕೋತೀನಿ. ನನ್ನ ಕೈಲೆ ಆಗಂಗಿಲ್ಲ.”

“ಏನು ಆಗಂಗಿಲ್ಲ?”

“ನೀ ಬಾಗಲದಾಗ ಬಂದು ನಿಂದರೂದು ನನಗ ಗೊತ್ತಾಗೂದಿಲ್ಲೇನು? ನಿನಗ ಕೇಳಸ್ಲಿ ಅಂತ ಮೂರು ವಾರದಿಂದ ಎಚ್ಚರಿದ್ದು, ಜೋರಾಗಿ ಉಸರಾಡ್ಲಿಕ್ಕೆ ಹತ್ತೀನಿ. ನನಗೂ ನಿದ್ದಿ ಬ್ಯಾಡೇನು?”

ನಾನು ಅವರ ಹಾಸಿಗೆಯ ಇನ್ನೊಂದು ತುದಿ ಹಿಡಿದೆ. ಭಾನುವಾರ ಇಬ್ಬರಿಗೂ ಎಚ್ಚರವಾದಾಗ ಹತ್ತು ಗಂಟೆ.