ಇಪ್ಪತ್ತೇಳನೆಯ ಅರ್ಜಿಯ ಕೊನೆಯ ಆರು ಪದ

ನಾನು ಕಾಲೇಜು ಬಿಟ್ಟದ್ದು ಹಾಜರಾತಿ ಸಾಲದೆ. ಆದರೆ ನಾನು ಒಂದು ದಿನವೂ ಕಾಲೇಜು ತಪ್ಪಿಸಿದವನಲ್ಲ. ಇವೆರಡೂ ನಿಜ. ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ನಮ್ಮ ಲೆಕ್ಚರರು ಕೇಳಲಿಲ್ಲ.

ಅವರು "ನಲವತ್ತೆರಡು" ಎಂದು ನನ್ನ ನಂಬರು ಕರೆಯುತ್ತಿದ್ದರು. ನಾನು ಮೂರನೆಯ ಬೆಂಚಿನಲ್ಲಿ, ಕಿಟಕಿಯ ಪಕ್ಕ, ಎದ್ದು ನಿಂತು ಬಾಯಿ ತೆರೆಯುತ್ತಿದ್ದೆ. "ಪ್ರೆಸೆಂಟ್ ಸಾರ್" ಎಂಬ ಎರಡು ಪದ ಗಂಟಲಿನವರೆಗೆ ಬಂದು, ಹೊರಗೆ ಎಪ್ಪತ್ತು ಜನ ಕೂತಿರುವುದನ್ನು ನೋಡಿ, ಬಂದ ದಾರಿಯಲ್ಲೇ ವಾಪಸಾಗುತ್ತಿದ್ದವು. ಅವರು ಪುಸ್ತಕದಿಂದ ತಲೆ ಎತ್ತದೆ ಗೈರು ಹಾಕಿ ನಲವತ್ಮೂರಕ್ಕೆ ಹೋಗುತ್ತಿದ್ದರು. ಹೀಗೆ ಐದು ತಿಂಗಳು ನಾನು ಅವರ ಕಣ್ಣೆದುರೇ ಗೈರುಹಾಜರಾದೆ. ಅರ್ಧವಾರ್ಷಿಕ ಪರೀಕ್ಷೆಗೆ ಕೂರಿಸಲಿಲ್ಲ. (ನನ್ನ ನೋಟ್ಸ್ ಓದಿದವರೆಲ್ಲ ಪಾಸಾದರು.) ಮಾರನೆಯ ದಿನದಿಂದ ಹೋಗುವುದನ್ನೇ ಬಿಟ್ಟೆ. ರಿಜಿಸ್ಟರಿನಲ್ಲಿ ಯಾವ ವ್ಯತ್ಯಾಸವೂ ಕಾಣಿಸಿರಲಾರದು.

ಅಪ್ಪ ಬಸ್ ಕಂಡಕ್ಟರ್. ಅವರು ಹಿಂದಿನ ಬಾಗಿಲಲ್ಲಿ ನಿಂತು ಕೂಗಿದರೆ ಮುಂದೆ ಹೋಗುತ್ತಿರುವ ಬೇರೆ ಬಸ್ಸಿನ ಡ್ರೈವರೂ ಬ್ರೇಕ್ ಹಾಕುತ್ತಾನೆ. ಅಂಥವರ ಮಗ ಬಾಯಿ ಬಾರದೆ ಮನೆಗೆ ಬಂದನೆಂದು ಅವರು ಮೂರು ದಿನ ಯಾರೊಡನೆಯೂ ಮಾತಾಡಲಿಲ್ಲ. ನಾಲ್ಕನೆಯ ದಿನ, "ಸುಮ್ನೆ ಬಿದ್ದಿರೋ ಬದಲು ನಿಮ್ಮಕ್ಕನ ಕೆಲಸಕ್ಕಾದ್ರೂ ಬಾರೋ" ಎಂದರು. ಆ ಕ್ಷಣದಿಂದ ನಾನು ಅಕ್ಕನ ಖಾಸಗಿ ಕಾರ್ಯದರ್ಶಿಯಾಗಿ ಪಟ್ಟಾಭಿಷಿಕ್ತನಾದೆ.

ಅಕ್ಕ ಕಾನೂನು ಓದುತ್ತಿದ್ದಾಳೆ, ಕೊನೆಯ ವರ್ಷ. ಯಾವುದಾದರೂ ವಕೀಲರ ಕಚೇರಿಯಲ್ಲಿ ನಾಲ್ಕು ವಾರ ತರಬೇತಿ ಪಡೆದ ಪ್ರಮಾಣಪತ್ರವಿಲ್ಲದೆ ಅವಳನ್ನು ಪರೀಕ್ಷೆಗೆ ಕೂರಿಸುವುದಿಲ್ಲ. ಅವಳು ಓದಿನಲ್ಲಿ ಹುಲಿ. ಆದರೆ ನಮಗೆ ವಕೀಲರ ಪರಿಚಯವಿಲ್ಲ. ನಮ್ಮ ಬಂಧುಬಳಗದಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದವರು ಸೋದರಮಾವ ಒಬ್ಬರೇ, ಅದೂ ಕಟಕಟೆಗೆ. ಶಿಫಾರಸಿನ ಕಾಲಂನಲ್ಲಿ ಅವರ ಹೆಸರು ಬರೆಯುವಂತಿರಲಿಲ್ಲ.

ನಾನು ಇಪ್ಪತ್ತಾರು ಅರ್ಜಿ ತುಂಬಿದೆ. ಒಂದೊಂದನ್ನೂ ನಾಲ್ಕು ಸಲ ತಿದ್ದಿದೆ. "ಏ ಅಲ್ಪವಿರಾಮ, ಇನ್ನೂ ಕಳಿಸಿಲ್ವೇನೋ?" ಎಂದು ಅಕ್ಕ ಹಿಂದೆ ಬಿದ್ದರೂ ಐದನೆಯ ಸಲ ಓದಿಯೇ ಕಳಿಸಿದೆ. ಯಾವುದಕ್ಕೂ ಉತ್ತರ ಬರಲಿಲ್ಲ. ಆಗುವುದಿಲ್ಲ ಎಂದು ಹೇಳುವಷ್ಟೂ ಯಾರಿಗೂ ಪುರುಸೊತ್ತಿರಲಿಲ್ಲ. ಅಕ್ಕ ಗಳಿಗೆಗೊಮ್ಮೆ ಮೊಬೈಲು ನೋಡಿ ಬೋರಲು ಹಾಕುತ್ತಿದ್ದಳು. ಬರಬರುತ್ತ ತಲೆ ಬಾಚುವುದನ್ನೂ ಬಿಟ್ಟಳು. ಇನ್ನು ಹದಿನೈದು ದಿನದಲ್ಲಿ ಎಲ್ಲಾದರೂ ಸೇರದಿದ್ದರೆ ಅವಳಿಗೆ ಒಂದು ವರ್ಷ ಮಣ್ಣುಪಾಲು. ಮೌನ ಏನು ಮಾಡಬಲ್ಲದು ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು.

ಇಪ್ಪತ್ತೇಳನೆಯ ಅರ್ಜಿಯಲ್ಲಿ ಒಂದು ಪ್ರಶ್ನೆಯಿತ್ತು: 'ಒಬ್ಬರ ಮನ ಒಲಿಸಿ ಅವರ ಬದುಕನ್ನು ಬದಲಾಯಿಸಿದ ಸಂದರ್ಭವೊಂದನ್ನು ಸರಿಯಾಗಿ ಇನ್ನೂರು ಪದಗಳಲ್ಲಿ ವಿವರಿಸಿ.'

"ನೀನು ಯಾರನ್ನ ಒಲಿಸಿದ್ದೀಯಕ್ಕ?" ಎಂದು ಕೇಳಿದೆ.

"ಈ ಮನೇಲಿ ಯಾರು ಯಾರ ಮಾತು ಕೇಳ್ತಾರೋ?" ಎಂದವಳು ನನ್ನನ್ನೇ ದಿಟ್ಟಿಸಿದಳು. "ಬರಿ. ಕಾಲೇಜು ಬಿಟ್ಟ ತಮ್ಮನ್ನ ಒಲಿಸಿ ವಾಪಸ್ ಸೇರಿಸಿದೆ."

"ನಾನು ಸೇರಿಲ್ವಲ್ಲ!"

"ಅವರೇನು ನಿನ್ನ ಬೆಂಚಿನ ಹತ್ರ ಬಂದು ನೋಡ್ತಾರಾ?"

"ಕೆಳಗಡೆ 'ಮೇಲಿನದೆಲ್ಲ ಸತ್ಯ' ಅಂತ ಸಹಿ ಹಾಕ್ಬೇಕಕ್ಕ."

"ಇಪ್ಪತ್ತಾರು ಸಲ ಸತ್ಯಕ್ಕೆ ಸಹಿ ಹಾಕಿದೀನಿ ಕಣೋ. ಯಾರಾದ್ರೂ ತಿರುಗಿ ನೋಡಿದ್ರಾ?" ಅವಳ ದನಿ ಒಡೆಯಿತು.

ಅಡುಗೆಮನೆಯಿಂದ ಅಮ್ಮ, "ಬರಿಯೋ ಕಂದ. ನಿನ್ನಿಂದ ಒಬ್ರಿಗಾದ್ರೂ ಉಪಯೋಗ ಆಗ್ಲಿ" ಎಂದರು. (ಪ್ರೀತಿಯಿಂದಲೇ ಹೇಳಿದ್ದು.)

ಅಕ್ಕ ಹೇಳಿದ್ದು ಒಂದೇ ವಾಕ್ಯ. ಬೇಕಾದದ್ದು ಇನ್ನೂರು ಪದ. ವಿವರವಿಲ್ಲದ ಮಾತನ್ನು ಯಾರೂ ನಂಬುವುದಿಲ್ಲವೆಂದು ನಾನು ಮೂರನೆಯ ಬೆಂಚು, ಕಿಟಕಿ, ನಲವತ್ತೆರಡು ಎಲ್ಲವನ್ನೂ ಬರೆದೆ. ಅಕ್ಕ ದಿನಾ ಸಂಜೆ ತಾರಸಿಯ ಮೇಲೆ ಹಾಜರಿ ಕರೆದು ತಮ್ಮನಿಗೆ ಅಭ್ಯಾಸ ಮಾಡಿಸಿದ್ದನ್ನು ಬರೆದೆ. ಅವನು ಮೊದಲ ಬಾರಿ ತರಗತಿಯಲ್ಲಿ "ಪ್ರೆಸೆಂಟ್ ಸಾರ್" ಎಂದದ್ದನ್ನು ಬರೆದೆ. ಓದಿಕೊಂಡಾಗ ನನಗೇ ಕಣ್ಣು ತುಂಬಿ ಬಂತು. ಇಂಥ ಅಕ್ಕ ನನಗೂ ಇದ್ದಿದ್ದರೆ ಅನ್ನಿಸಿತು. ಎಣಿಸಿದರೆ ನೂರ ತೊಂಬತ್ತನಾಲ್ಕು ಪದ. ಇನ್ನಾರು ಬೇಕಾಗಿತ್ತು. 'ಈಗ ಅವನು ಕಾಲೇಜಿನ ಚರ್ಚಾಸ್ಪರ್ಧೆಗೂ ಹೆಸರು ಕೊಟ್ಟಿದ್ದಾನೆ' ಎಂದು ಸೇರಿಸಿ ಮುಗಿಸಿದೆ.

ಐದನೆಯ ದಿನ ಉತ್ತರ ಬಂತು. ಬುಧವಾರ ಸಂದರ್ಶನ. ಸಾಧ್ಯವಾದರೆ ತಮ್ಮನನ್ನೂ ಕರೆತರಬೇಕು.

ನಾನು ಸುಳ್ಳಾಡಬಾರದೆಂದು ನಿಶ್ಚಯಿಸಿದ್ದೆ. ಲಿಫ್ಟಿನಲ್ಲಿ ಏಳೂ ಮಹಡಿ, "ಇಲ್ಲ ಮೇಡಂ, ನಾನು ಕಾಲೇಜಿಗೆ ಹೋಗ್ತಿಲ್ಲ" ಎಂದು ಮನಸ್ಸಿನಲ್ಲೇ ಉರು ಹೊಡೆದೆ. ಹೊರಕೋಣೆಯಲ್ಲಿ ಕಪ್ಪು ಕೋಟಿನ ಒಂಬತ್ತು ವಿದ್ಯಾರ್ಥಿಗಳು ಒಬ್ಬರನ್ನೊಬ್ಬರು ನೋಡದೆ ಕೂತಿದ್ದರು. ಅಕ್ಕ ಅಂದು ತಲೆ ಬಾಚಿಕೊಂಡಿದ್ದಳು.

ವಕೀಲೆ ಮೇಡಂ ಕನ್ನಡಕದ ಮೇಲಿಂದ ನೋಡಿದರು. "ಇವನೇನಾ ನಲವತ್ತೆರಡು? ದಿನಾ ಕಾಲೇಜಿಗೆ ಹೋಗ್ತಿದ್ದೀಯೇನಪ್ಪ?"

ಎದ್ದು ನಿಂತೆ. ಬಾಯಿ ತೆರೆದೆ. ಸತ್ಯ ಗಂಟಲಿನವರೆಗೆ ಬಂದು, ಮೇಡಂ ಮುಖ ನೋಡಿ, ವಾಪಸು ಹೋಯಿತು. ನನ್ನ ಗಂಟಲಿಗೆ ಸತ್ಯ ಸುಳ್ಳುಗಳ ಭೇದವಿಲ್ಲ.

"ಅಬ್ಬಾ!" ಎಂದರು ಮೇಡಂ. "ಸ್ವಲ್ಪ ಉಪ್ಪು ಖಾರ ಹಚ್ಚಿ ಬರ್ದಿದ್ದೀಯ ಅಂದ್ಕೊಂಡಿದ್ದೆ ಕಣಮ್ಮ. ಇಂಥವನ ಬಾಯಲ್ಲಿ ಪ್ರೆಸೆಂಟ್ ಅನ್ನಿಸಿದ್ದೀಯ ಅಂದ್ರೆ ನೀನು ಎಂಥ ಕೇಸನ್ನಾದ್ರೂ ಗೆಲ್ತೀಯ. ಸೋಮವಾರದಿಂದ ಬಾ." ನಾವು ಬಾಗಿಲು ದಾಟುವಾಗ, "ಹಾಂ, ಇವನು ಓದ್ತಿದ್ದಾನೆ ಅಂತ ಕಾಲೇಜಿಂದ ಒಂದು ಚೀಟಿ ತಾ. ಫೈಲಿಗೆ ಬೇಕು. ವಕೀಲರ ಚಾಳಿ, ಬೇಜಾರು ಮಾಡ್ಕೋಬೇಡ" ಎಂದರು.

ಮನೆಯಲ್ಲಿ ತುರ್ತು ಸಭೆ ಸೇರಿತು. ಚೀಟಿ ಇಲ್ಲದಿದ್ದರೆ ಸುಳ್ಳಿಗೆ ಸಹಿ ಹಾಕಿದ ವಿದ್ಯಾರ್ಥಿನಿ ಎಂದು ಅಕ್ಕನ ಹೆಸರಿಗೆ ಮಸಿ. ಅವಳು ಗೋಡೆಗೆ ಮುಖ ಮಾಡಿ ಮಲಗಿಬಿಟ್ಟಳು. ಅಪ್ಪ ಬಹಳ ಹೊತ್ತು ಯೋಚಿಸಿ ತೀರ್ಪು ಕೊಟ್ಟರು: "ಅರ್ಜಿ ಬದಲಾಯಿಸೋಕಾಗಲ್ಲ. ಹುಡುಗನ್ನೇ ಬದಲಾಯಿಸೋಣ."

ಗುರುವಾರವಿಡೀ ತಾರಸಿಯ ಮೇಲೆ ಅಕ್ಕ ಒಂದರಿಂದ ಎಪ್ಪತ್ತರವರೆಗೆ ಹಾಜರಿ ಕರೆದಳು. ಅಪ್ಪ ಆಚೆ ತುದಿಯಲ್ಲಿ ನಿಂತು, "ಕೇಳಿಸ್ಲಿಲ್ಲ! ಇನ್ನೊಂದ್ಸಲ!" ಎನ್ನುತ್ತಿದ್ದರು. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ಎಲ್ಲವೂ ನಾನು ಬರೆದಂತೆಯೇ ನಡೆಯುತ್ತಿತ್ತು.

ಶುಕ್ರವಾರ ಮೂರನೆಯ ಬೆಂಚಿನಲ್ಲಿ ಕೂತೆ. ಲೆಕ್ಚರರು "ನಲವತ್ತೊಂದು" ಎಂದರು. ನಾನು ಎದ್ದು ನಿಂತು ಎದೆ ತುಂಬ ಉಸಿರೆಳೆದೆ. ಅವರು "ನಲವತ್ಮೂರು" ಎಂದರು. ನನ್ನ ಹೆಸರು ಹೊಡೆದು ಹಾಕಿ ಎರಡು ತಿಂಗಳಾಗಿತ್ತು. ಆದರೆ ಗಂಟಲು ದಾಟಿದ ಮಾತು ಇನ್ನು ಹಿಂದಕ್ಕೆ ಹೋಗುವಂತಿರಲಿಲ್ಲ.

"ಪ್ರೆಸೆಂಟ್ ಸಾರ್!"

ಕಿಟಕಿಯ ಮೇಲಿನ ಪಾರಿವಾಳ ಹಾರಿಹೋಯಿತು. ಲೆಕ್ಚರರ ಪೆನ್ನು ಬಿತ್ತು.

"ಯಾರೋ ನೀನು?"

"ನಲವತ್ತೆರಡು ಸಾರ್."

"ಆ ನಂಬರಿನವನು ಒಂದು ದಿನಾನೂ ಬಂದೇ ಇಲ್ವಲ್ಲೋ."

"ಬಂದಿದ್ದೆ ಸಾರ್. ದಿನಾ ಬಂದಿದ್ದೆ. ಇಲ್ಲೇ ನಿಂತಿದ್ದೆ."

ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು. ಅವರು ಕನ್ನಡಕ ತೆಗೆದು, ಒರೆಸಿ, ಮೂರನೆಯ ಬೆಂಚನ್ನು ಮೊದಲ ಸಲ ನೋಡಿದರು. ಆಮೇಲೆ ರಿಜಿಸ್ಟರಿನ ಕಟ್ಟಕಡೆಯಲ್ಲಿ ನನ್ನ ಹೆಸರು ಬರೆದುಕೊಂಡರು, ಪೆನ್ಸಿಲಿನಲ್ಲಿ. ಅವರೇ ಹೋಗಿ ಹೇಳಿದ್ದರಿಂದ ಸಂಜೆಯೊಳಗೆ ಪ್ರಿನ್ಸಿಪಾಲರ ಸಹಿಯೊಡನೆ ಚೀಟಿ ಕೈಗೆ ಬಂತು. ನಾನು ಅದನ್ನು ಐದು ಸಲ ಓದಿದೆ. ತಪ್ಪೇನೂ ಇರಲಿಲ್ಲ.

ಸೋಮವಾರ ಅಕ್ಕ ಕೆಲಸಕ್ಕೆ ಸೇರಿದಳು. ಸಂಜೆ ಬಂದವಳ ಮುಖದಲ್ಲಿ ಎಷ್ಟೋ ತಿಂಗಳ ಮೇಲೆ ನಗುವಿತ್ತು. ನನ್ನ ತಲೆ ಸವರಿ, "ಚೀಟಿ ನೋಡಿ ಮೇಡಂಗೆ ತುಂಬಾ ಖುಷಿಯಾಯ್ತು ಕಣೋ" ಎಂದಳು. "ಚರ್ಚಾಸ್ಪರ್ಧೆ ಯಾವತ್ತು ಅಂತ ಕೇಳಿದ್ರು. ಬಂದು ಮುಂದಿನ ಸಾಲಲ್ಲೇ ಕೂತ್ಕೋತಾರಂತೆ."

ಅಪ್ಪ ಆಗಲೇ ತಾರಸಿಯ ಮೆಟ್ಟಿಲು ಹತ್ತತೊಡಗಿದ್ದರು.

ಸಾಧ್ಯವೇ ಇಲ್ಲ ಎನ್ನಲು ಬಾಯಿ ತೆರೆದೆ. ಏನೂ ಹೊರಗೆ ಬರಲಿಲ್ಲ. ಮನೆಯವರೆಲ್ಲ ಅದನ್ನು ಒಪ್ಪಿಗೆ ಎಂದುಕೊಂಡರು.